ತೋಟ ಅಡವಿಟ್ಟು ಮಗನನ್ನು ಇಂಗ್ಲೆಂಡಿಗೆ ಕಳಿಸಬಹುದಾ?

ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ ವಿದೇಶಿ ವಿದ್ಯಾರ್ಥಿಗಳ ವಿಭಾಗದಲ್ಲಿ ಕೆಲಸ ಮಾಡಿ, ಈಗ ಮೈಸೂರಿನಲ್ಲಿ ನೆಲೆಸಿರುವ ನನಗೆ ಈ ಸಲ ಬಂದ ಪತ್ರಗಳೆಲ್ಲ ಹೆಚ್ಚುಕಡಿಮೆ ಬ್ರಿಟನ್ನಿನ ಹೊಸ ವೀಸಾ ನಿಯಮಗಳ ಬಗ್ಗೆಯೇ ಇವೆ. ನಾಲ್ಕಕ್ಕೆ ಇಲ್ಲಿ ಉತ್ತರ ಕೊಟ್ಟಿದ್ದೇನೆ.

ಪ್ರಶ್ನೆ: ಶಿರಸಿ ಹತ್ತಿರ ನಮ್ಮದು ಎರಡೂವರೆ ಎಕರೆ ಅಡಿಕೆ ತೋಟ. ಮಗನ ಬಿ.ಇ. ಮುಗಿದಿದೆ. 2026ರ ಸೆಪ್ಟೆಂಬರಿಗೆ ಇಂಗ್ಲೆಂಡಿನಲ್ಲಿ ಒಂದು ವರ್ಷದ ಎಂ.ಎಸ್ಸಿ.ಗೆ ಸೀಟು ಸಿಕ್ಕಿದೆ. ಓದಿದ ಮೇಲೆ ಎರಡು ವರ್ಷ ಕೆಲಸದ ವೀಸಾ ಗ್ಯಾರಂಟಿ, ಐದು ವರ್ಷಕ್ಕೆ ಪಿ.ಆರ್. (ಅಲ್ಲೇ ಕಾಯಂ ನೆಲೆಸುವ ಹಕ್ಕು) ಎಂದು ಕನ್ಸಲ್ಟೆನ್ಸಿಯವರು ಹೇಳುತ್ತಾರೆ. 25 ಲಕ್ಷ ಸಾಲಕ್ಕೆ ತೋಟ ಅಡವಿಡಬೇಕು. ಇಡಬಹುದಾ ಮೇಡಂ?

ಉತ್ತರ: ಸರ್, ಅವರು ಹೇಳುತ್ತಿರುವುದು ಹಳೆಯ ಕಥೆ. ಓದಿದ ಮೇಲೆ ಅಲ್ಲೇ ಉಳಿದು ಕೆಲಸ ಹುಡುಕಲು ಕೊಡುವ ಗ್ರಾಜುಯೇಟ್ ವೀಸಾ 2021ರ ಜುಲೈನಲ್ಲಿ ಶುರುವಾದಾಗ ಎರಡು ವರ್ಷದ್ದಾಗಿತ್ತು. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಅದು 18 ತಿಂಗಳು ಮಾತ್ರ. ಪಿಎಚ್.ಡಿ. ಮಾಡಿದವರಿಗಷ್ಟೇ ಮೂರು ವರ್ಷ ಹಾಗೇ ಇದೆ. ನಿಮ್ಮ ಮಗನ ಓದು ಮುಗಿಯುವುದೇ 2027ರ ಸೆಪ್ಟೆಂಬರಿನಲ್ಲಿ. ಹಾಗಾಗಿ ಅವನಿಗೆ ಸಿಗುವುದು 18 ತಿಂಗಳು. ಇಲ್ಲಿ ಕೋರ್ಸಿಗೆ ಸೇರಿದ ದಿನ ಲೆಕ್ಕಕ್ಕಿಲ್ಲ, ಈ ವೀಸಾಗೆ ಅರ್ಜಿ ಹಾಕುವ ದಿನವೇ ಮುಖ್ಯ.

ಆ 18 ತಿಂಗಳೊಳಗೆ, ವೀಸಾ ಕೊಡಿಸುವ ಪರವಾನಗಿ ಇರುವ ಕಂಪನಿಯಲ್ಲಿ ಕೆಲಸ ಹಿಡಿಯಬೇಕು. ಕಷ್ಟ ಇರುವುದು ಅಲ್ಲೇ. ಅಂಥ ಕೆಲಸಕ್ಕೆ ಸಿಗುವ ಸ್ಕಿಲ್ಡ್ ವರ್ಕರ್ ವೀಸಾಗೆ ಕನಿಷ್ಠ ಸಂಬಳ 2024ರ ಏಪ್ರಿಲ್‌ಗೆ ಮುಂಚೆ ವರ್ಷಕ್ಕೆ 26,200 ಪೌಂಡ್ ಇತ್ತು. ಆಮೇಲೆ ಅದನ್ನು 38,700ಕ್ಕೆ ಏರಿಸಿದರು. 2025ರ ಜುಲೈ 22ರಿಂದ 41,700. ಓದು ಮುಗಿಸಿ ಬರುವ ಹೊಸಬರಿಗೆ ರಿಯಾಯಿತಿ ಇದೆ, ಅವರಿಗೆ 33,400 ಸಾಕು. ಆದರೆ ರಿಯಾಯಿತಿ ಹೆಚ್ಚೆಂದರೆ ನಾಲ್ಕು ವರ್ಷ, ಅದರಲ್ಲಿ ಗ್ರಾಜುಯೇಟ್ ವೀಸಾದ ತಿಂಗಳುಗಳೂ ಸೇರುತ್ತವೆ. ಜೊತೆಗೆ ಕೆಲಸ ಪದವಿ ಮಟ್ಟದ್ದಾಗಿರಬೇಕು. ಅಂಗಡಿಯಲ್ಲಿ, ಹೋಟೆಲಿನಲ್ಲಿ ಸೂಪರ್‌ವೈಸರ್ ಆಗಿ ವೀಸಾ ಗಿಟ್ಟಿಸುವ ದಾರಿ ಈಗ ಮುಚ್ಚಿದೆ.

ಪಿ.ಆರ್. ಮಾತಂತೂ ಸದ್ಯಕ್ಕೆ ಬಿಟ್ಟುಬಿಡಿ. ಗ್ರಾಜುಯೇಟ್ ವೀಸಾದಲ್ಲಿ ಕಳೆದ ದಿನಗಳು ಆ ಐದು ವರ್ಷದ ಲೆಕ್ಕಕ್ಕೆ ಸೇರುವುದೇ ಇಲ್ಲ. ಅದರ ಮೇಲೆ, ಐದನ್ನು ಹತ್ತು ವರ್ಷ ಮಾಡುವ ಇರಾದೆಯನ್ನು ಅಲ್ಲಿನ ಸರ್ಕಾರ 2025ರ ಮೇ ತಿಂಗಳ ಶ್ವೇತಪತ್ರದಲ್ಲೇ ಹೇಳಿದೆ.

ಈಗ ತೋಟದ ವಿಷಯ. 25 ಲಕ್ಷಕ್ಕೆ ಹತ್ತೂವರೆ ಪರ್ಸೆಂಟ್ ಬಡ್ಡಿ, ಹತ್ತು ವರ್ಷ ಎಂದು ಹಿಡಿದರೆ ತಿಂಗಳ ಕಂತು ಸುಮಾರು 34 ಸಾವಿರ. ಓದುವಾಗ ಏರುವ ಬಡ್ಡಿ ಬೇರೆ. ಮಗ ಡಿಗ್ರಿ ಹಿಡಿದು ವಾಪಸ್ ಬಂದು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದರೆ ಈ ಕಂತು ಕಟ್ಟಲು ಆಗುತ್ತದಾ? ಇದೊಂದನ್ನು ಅವನ ಜೊತೆ ಕೂತು ಮಾತಾಡಿ. ಆಗುತ್ತದೆ ಎಂದಾದರೆ ಕಳಿಸಿ, ಒಳ್ಳೆಯ ಓದು ಎಲ್ಲೂ ವ್ಯರ್ಥವಾಗುವುದಿಲ್ಲ. ಪೌಂಡಿನ ಸಂಬಳ ಬಂದರೆ ಮಾತ್ರ ಸಾಲ ತೀರುತ್ತದೆ ಎಂದಾದರೆ ತೋಟದ ಪತ್ರ ಬ್ಯಾಂಕಿಗೆ ಕೊಡಬೇಡಿ. ಸೀಟನ್ನು ಒಂದು ವರ್ಷ ಮುಂದೂಡಲು ಆಗುತ್ತದಾ ಎಂದು ಮಗನೇ ವಿಶ್ವವಿದ್ಯಾಲಯಕ್ಕೆ ನೇರವಾಗಿ ಇಮೇಲ್ ಬರೆಯಲಿ. ಅಷ್ಟರಲ್ಲಿ ಇಲ್ಲಿ ಕೆಲಸ ಮಾಡಿ ಸ್ವಲ್ಪ ಅನುಭವ, ಸ್ವಲ್ಪ ದುಡ್ಡು ಎರಡೂ ಮಾಡಿಕೊಳ್ಳಬಹುದು. ಕನ್ಸಲ್ಟೆನ್ಸಿಯವರನ್ನು ಮಧ್ಯೆ ಕೇಳಬೇಡಿ. ಹುಡುಗ ಸೇರಿದರೆ ಅವರಿಗೆ ವಿಶ್ವವಿದ್ಯಾಲಯದಿಂದ ಕಮಿಷನ್ ಬರುತ್ತದೆ.

ಇನ್ನೊಂದು. ವಿದ್ಯಾರ್ಥಿ ವೀಸಾಗೆ ಫೀಸಲ್ಲದೆ ಒಂಬತ್ತು ತಿಂಗಳ ಖರ್ಚನ್ನೂ ಖಾತೆಯಲ್ಲಿ ತೋರಿಸಬೇಕು. 2025ರ ನವೆಂಬರ್ 11ರಿಂದ ಲಂಡನ್ನಿಗೆ ತಿಂಗಳಿಗೆ 1,529 ಪೌಂಡ್, ಬೇರೆ ಊರಿಗೆ 1,171. ಪೌಂಡಿಗೆ 115 ರೂಪಾಯಿ ಎಂದರೂ ಬೇರೆ ಊರಿನ ಲೆಕ್ಕವೇ 12 ಲಕ್ಷ ದಾಟುತ್ತದೆ. ಸ್ವಂತ ಹಣವಾದರೆ ಅದು ಸತತ 28 ದಿನ ಖಾತೆಯಲ್ಲಿ ಇರಬೇಕು. ಒಂದು ದಿನ ಕಡಿಮೆಯಾದರೂ ಅರ್ಜಿ ತಿರಸ್ಕಾರವಾಗುತ್ತದೆ. ನಿಮ್ಮ 25 ಲಕ್ಷದಲ್ಲಿ ಇದೂ ಸೇರಿದೆಯಾ, ನೋಡಿಕೊಳ್ಳಿ.

ಪ್ರಶ್ನೆ: ನಮ್ಮ ಮಗಳು 2025ರ ಸೆಪ್ಟೆಂಬರಿನಲ್ಲಿ ಲೀಡ್ಸ್‌ಗೆ ಹೋದಳು. ಅವಳಿಗೆ ಎರಡು ವರ್ಷ ಸಿಗುತ್ತದಾ, 18 ತಿಂಗಳಾ? (ತುಮಕೂರಿನ ತಾಯಿ)

ಉತ್ತರ: 2026ರ ಡಿಸೆಂಬರ್ 31ರೊಳಗೆ ಅರ್ಜಿ ಹಾಕಿದರೆ ಎರಡು ವರ್ಷ ಸಿಗುತ್ತದೆ ಅಮ್ಮ. ಆದರೆ ಡಿಸರ್ಟೇಷನ್ (ಕೋರ್ಸಿನ ಕೊನೆಯ ಪ್ರಬಂಧ) ಕೊಟ್ಟ ಕೂಡಲೇ ಅರ್ಜಿ ಹಾಕಲು ಬರುವುದಿಲ್ಲ. ಕೋರ್ಸ್ ಪಾಸಾಗಿದ್ದಾಳೆ ಎಂದು ವಿಶ್ವವಿದ್ಯಾಲಯ ಹೋಮ್ ಆಫೀಸಿಗೆ (ವೀಸಾ ನೋಡಿಕೊಳ್ಳುವ ಅಲ್ಲಿನ ಗೃಹ ಇಲಾಖೆ) ತಿಳಿಸಬೇಕು, ಆಮೇಲೆಯೇ ಅರ್ಜಿ. ಘಟಿಕೋತ್ಸವದವರೆಗೆ ಕಾಯುವುದು ಬೇಡ. ಫಲಿತಾಂಶ ಯಾವಾಗ, ಹೋಮ್ ಆಫೀಸಿಗೆ ಯಾವಾಗ ತಿಳಿಸುತ್ತೀರಿ ಎಂದು ಈಗಲೇ ಬರಹದಲ್ಲಿ ಕೇಳಲಿ. ಸಬ್‌ಮಿಷನ್‌ಗೆ ಎಕ್ಸ್‌ಟೆನ್ಷನ್ ತೆಗೆದುಕೊಂಡರೆ ಫಲಿತಾಂಶ ಜನವರಿಗೆ ಜಾರಬಹುದು, ಆಗ ಆರು ತಿಂಗಳು ಹೋಯಿತು. ಆರೋಗ್ಯ ಸರಿಯಿಲ್ಲದಿದ್ದರೆ ಆ ಮಾತು ಬೇರೆ, ಆಗ ಎಕ್ಸ್‌ಟೆನ್ಷನ್ ತೆಗೆದುಕೊಳ್ಳಲಿ. ಅರ್ಜಿ ಹಾಕುವ ಸಮಯದಲ್ಲಿ ಅವಳು ಬ್ರಿಟನ್ನಿನೊಳಗೇ ಇರಬೇಕು. ದೀಪಾವಳಿಗೆ ಊರಿಗೆ ಬರುವ ಟಿಕೆಟ್ ಮಾಡಿದ್ದರೆ ಮೊದಲು ಈ ತಾರೀಖುಗಳನ್ನು ನೋಡಿಕೊಳ್ಳಿ. ಆರೋಗ್ಯ ಸೇವೆಯ ಸರ್‌ಚಾರ್ಜ್ ವರ್ಷಕ್ಕೆ 1,035 ಪೌಂಡ್. ಎರಡು ವರ್ಷದ್ದನ್ನು ಒಟ್ಟಿಗೇ ಕಟ್ಟಬೇಕು, ಆ ದುಡ್ಡು ತೆಗೆದಿಟ್ಟಿರಿ.

ಪ್ರಶ್ನೆ: ಎಂಬಿಎಗೆ ಹೋಗುತ್ತಿದ್ದೇನೆ. ಮದುವೆ ಮಾಡಿಕೊಂಡು ಗಂಡನನ್ನು ಡಿಪೆಂಡೆಂಟ್ ವೀಸಾದಲ್ಲಿ ಕರೆದೊಯ್ಯಬಹುದಾ? (ಹುಬ್ಬಳ್ಳಿ)

ಉತ್ತರ: ಇಲ್ಲ ತಂಗಿ. 2024ರ ಜನವರಿಯಿಂದ ಶುರುವಾದ ಕೋರ್ಸುಗಳಲ್ಲಿ ಪಿಎಚ್.ಡಿ.ಯಂಥ ಸಂಶೋಧನೆ ಮಾಡುವವರಿಗೆ ಮತ್ತು ಸರ್ಕಾರಿ ಸ್ಕಾಲರ್‌ಶಿಪ್ ಮೇಲೆ ಹೋಗುವವರಿಗೆ ಮಾತ್ರ ಆ ಅವಕಾಶ. ಗ್ರಾಜುಯೇಟ್ ವೀಸಾ ಹಂತದಲ್ಲೂ ಗಂಡ ಹೊಸದಾಗಿ ಸೇರಲು ಆಗುವುದಿಲ್ಲ. ನೀನು ಸ್ಕಿಲ್ಡ್ ವರ್ಕರ್ ವೀಸಾಗೆ ಬದಲಾದರೆ ಆಗ ಬರಬಹುದು. ಅಲ್ಲಿವರೆಗೆ ವಿಸಿಟರ್ ವೀಸಾದಲ್ಲಿ ಬಂದು ನೋಡಿಕೊಂಡು ಹೋಗಬಹುದು, ಕೆಲಸ ಮಾಡುವಂತಿಲ್ಲ. "ಹುಡುಗಿ ಜೊತೆ ನಮ್ಮ ಹುಡುಗನೂ ಫಾರಿನ್ನಿಗೆ" ಎಂಬ ಲೆಕ್ಕದಲ್ಲಿ ಯಾರಾದರೂ ನಿನ್ನ ಓದಿಗೆ ಖರ್ಚು ಕೊಡುತ್ತೇವೆ ಎಂದಿದ್ದರೆ, ಈ ನಿಯಮವನ್ನು ನಿಶ್ಚಿತಾರ್ಥಕ್ಕೆ ಮುಂಚೆ ಅವರಿಗೆ ಹೇಳಿಬಿಡು. ಆಮೇಲೆ ಗೊತ್ತಾದರೆ ಕಷ್ಟ ಅನುಭವಿಸುವವಳು ನೀನು.

ಪ್ರಶ್ನೆ: ಜಿಎನ್‌ಎಂ ನರ್ಸಿಂಗ್ ಕೋರ್ಸ್ ಮುಗಿಸಿ ಮಂಗಳೂರಿನ ಆಸ್ಪತ್ರೆಯಲ್ಲಿ ನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ವಯಸ್ಸಾದವರನ್ನು ನೋಡಿಕೊಳ್ಳುವ ಕೇರ್ ಹೋಮಿನಲ್ಲಿ ಕೆಲಸ, ವೀಸಾಗೆ ಬೇಕಾದ ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟ್ ರೆಡಿ ಇದೆ, 14 ಲಕ್ಷ ಕೊಡಿ ಎಂದು ಏಜೆಂಟ್ ಕೇಳುತ್ತಿದ್ದಾನೆ. ಅಪ್ಪ ಚಿನ್ನ ಮಾರಲು ಹೊರಟಿದ್ದಾರೆ.

ಉತ್ತರ: ಒಂದು ರೂಪಾಯಿಯನ್ನೂ ಕೊಡಬೇಡಿ. ಅಪ್ಪನಿಗೆ ಈ ಪುಟ ತೋರಿಸಿ. ಕೇರ್ ವರ್ಕರ್ ಕೆಲಸಕ್ಕೆ ಹೊರದೇಶದಿಂದ ಹೊಸಬರನ್ನು ಕರೆಸಿಕೊಳ್ಳುವುದನ್ನು ಬ್ರಿಟನ್ 2025ರ ಜುಲೈ 22ಕ್ಕೇ ನಿಲ್ಲಿಸಿದೆ. ಅವನ ಬಳಿ ಇರುವ "ಸರ್ಟಿಫಿಕೇಟ್" ಇಟ್ಟುಕೊಂಡು ನಿಮಗೆ ವೀಸಾ ಸಿಗುವುದಿಲ್ಲ. ದಾರಿ ತೆರೆದಿದ್ದಾಗಲೂ ಆ ಕಾಗದ ಮಾರಾಟದ ವಸ್ತು ಆಗಿರಲಿಲ್ಲ. ಹೀಗೆ ದುಡ್ಡು ಕೊಟ್ಟು ಬಂದವರು ಸಾಲ ತೀರಿಸಲು ರಾತ್ರಿ ಪಾಳಿಯ ಮೇಲೆ ಪಾಳಿ ಮಾಡಿ ಬಳಲಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೇರ್ ಹೋಮಿನ ಪರವಾನಗಿ ರದ್ದಾದರೆ ಅವರ ವೀಸಾವೂ ಹೋಗುತ್ತಿತ್ತು. ಇದನ್ನು ನೆನೆಸಿದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ನಿಮ್ಮ ಕೈಯಲ್ಲಿ ಅದಕ್ಕಿಂತ ದೊಡ್ಡ ವಿದ್ಯೆ ಇದೆ. ನೀವು ನರ್ಸ್. ನೋಂದಾಯಿತ ನರ್ಸ್‌ಗಳಿಗೆ ವೀಸಾ ಈಗಲೂ ಇದೆ, ಕುಟುಂಬವನ್ನೂ ಕರೆದೊಯ್ಯಬಹುದು. ಅದಕ್ಕೆ ಐಇಎಲ್‌ಟಿಎಸ್ ಅಥವಾ ಒಇಟಿ ಇಂಗ್ಲಿಷ್ ಪರೀಕ್ಷೆ, ಆಮೇಲೆ ಇಲ್ಲೇ ಕಂಪ್ಯೂಟರಿನಲ್ಲಿ ಬರೆಯುವ ಸಿಬಿಟಿ, ಅಲ್ಲಿಗೆ ಹೋದ ಮೇಲೆ ಓಎಸ್‌ಸಿಇ ಎಂಬ ಪ್ರಾಯೋಗಿಕ ಪರೀಕ್ಷೆ. ಇದಕ್ಕೆ ಸಮಯ ಹಿಡಿಯುತ್ತದೆ. ಮೊದಲು ಇಂಗ್ಲಿಷ್ ಪರೀಕ್ಷೆಗೆ ಕೂರಿ. ಅಲ್ಲಿನ ಸರ್ಕಾರಿ ಆಸ್ಪತ್ರೆಗಳ ನೇಮಕಾತಿ ನಿಯಮದ ಪ್ರಕಾರ ಅಭ್ಯರ್ಥಿಯಿಂದ ಏಜೆನ್ಸಿ ಶುಲ್ಕ ಕೇಳುವಂತಿಲ್ಲ. ನಮ್ಮ ದೇಶದ ಕಾನೂನಿನಲ್ಲೂ ನೋಂದಾಯಿತ ಏಜೆಂಟ್ ಪಡೆಯಬಹುದಾದ ಗರಿಷ್ಠ ಸೇವಾ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ. ಏಜೆಂಟ್ ನೋಂದಾಯಿತನೇ ಎಂದು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಡಿ. ಅವನಿಗೆ ಈಗಾಗಲೇ ಅಡ್ವಾನ್ಸ್ ಕೊಟ್ಟಿದ್ದರೆ ವಾಟ್ಸ್ಆಪ್ ಮೆಸೇಜು, ಯುಪಿಐ ರಸೀದಿ ಯಾವುದನ್ನೂ ಅಳಿಸಬೇಡಿ. ಅಪ್ಪನನ್ನು ಕರೆದುಕೊಂಡು ಪೊಲೀಸ್ ಠಾಣೆಗೆ ಹೋಗಿ ದೂರು ಕೊಡಿ.