ಕ್ರಿಸ್ಮಸ್ ಬರೀ ಹುಟ್ಟುಹಬ್ಬ ಅಲ್ಲ

ಪ್ರಶ್ನೆ: ಕ್ರಿಸ್ಮಸ್ ಅಂದರೆ ಯೇಸುಸ್ವಾಮಿಯ ಹುಟ್ಟುಹಬ್ಬ ತಾನೇ? ಅದಕ್ಕೆ ಬೇರೆ ಆಧ್ಯಾತ್ಮಿಕ ಅರ್ಥ ಏನಿದೆ?

ಪ್ರತಿ ಡಿಸೆಂಬರ್‌ನಲ್ಲೂ ಇದೇ ಪ್ರಶ್ನೆ. ಕೇಳುವವರಲ್ಲಿ ಹೆಚ್ಚಿನವರು ಚಿಕ್ಕಂದಿನಿಂದ ಪೂಜೆಗೆ ಬರುತ್ತಿರುವ ಕಥೋಲಿಕರೇ, ನನಗೆ ಬೇಸರ ಆಗುವುದೇ ಅದಕ್ಕೆ. ಹುಟ್ಟುಹಬ್ಬ ಎಂದುಬಿಟ್ಟರೆ ಯಾರೋ ದೊಡ್ಡವರು ಹುಟ್ಟಿದ ದಿನವನ್ನು ನೆನೆಸಿಕೊಂಡಂತೆ ಆಗುತ್ತದೆ, ಅಷ್ಟೇ. ಧರ್ಮಸಭೆ ಸಾರುವುದು ಬೇರೆ. ಎಲ್ಲವೂ ಯಾರ ಮೂಲಕ ಉಂಟಾಯಿತೋ ಆ ದೇವಪುತ್ರರೇ ಮರಿಯಮ್ಮನ ಹೊಟ್ಟೆಯಲ್ಲಿ ಮಗುವಾದರು. ಆ ಮಗುವಿನ ಹಸಿವು ನಿಜ, ಅಳು ನಿಜ. ದೇವರು ಮನುಷ್ಯನ ವೇಷ ಹಾಕಿಕೊಂಡು ಬಂದು ಹೋದರು ಎಂಬ ಮಾತನ್ನು ಧರ್ಮಸಭೆ ಯಾವತ್ತೂ ಒಪ್ಪಿಲ್ಲ. ಯೇಸು ಪೂರ್ತಿ ದೇವರು, ಪೂರ್ತಿ ಮನುಷ್ಯರು, ಆದರೂ ಒಬ್ಬರೇ ಎಂದು 451ರಲ್ಲಿ ಕಾಲ್ಸೆಡೋನ್‌ನಲ್ಲಿ ಸೇರಿದ ಬಿಷಪರ ಮಹಾಸಭೆ ಖಚಿತವಾಗಿ ಹೇಳಿತು.

ಇಷ್ಟು ಹಟ ಯಾಕೆ? ನಾಲ್ಕನೇ ಶತಮಾನದ ಸಂತ ಗ್ರೆಗೋರಿ ನಾಜಿಯಾಂಜೆನ್ ಕೊಟ್ಟ ಕಾರಣ ಇದು: ನಮ್ಮದರಲ್ಲಿ ಯಾವುದನ್ನು ಕ್ರಿಸ್ತರು ತಮ್ಮದಾಗಿಸಿಕೊಳ್ಳಲಿಲ್ಲವೋ ಅದು ವಾಸಿಯಾಗದೇ ಉಳಿಯುತ್ತದೆ. ಅಂದರೆ ನಮ್ಮ ಭಯ, ದಣಿವು, ಕೊನೆಗೆ ಸಾವನ್ನೂ ಅವರು ತೆಗೆದುಕೊಳ್ಳಬೇಕಿತ್ತು. ಹಾಗಾಗಿ ಅವರು ಹುಟ್ಟಿದ ಗೋದಲಿ ಒಂದು ಕಡೆ, ಪ್ರಾಣ ಕೊಟ್ಟ ಶಿಲುಬೆ ಇನ್ನೊಂದು ಕಡೆ ಅಂತ ಬೇರೆ ಮಾಡಿ ನೋಡಬೇಡಿ.

ಈ ಸಲ ಪೂಜೆಯಲ್ಲಿ ಒಂದನ್ನು ಗಮನಿಸಿ. ನಮ್ಮ ನಂಬಿಕೆಯನ್ನು ಸಾರುವ ವಿಶ್ವಾಸ ಪ್ರಮಾಣ ಹೇಳುವಾಗ, ಪವಿತ್ರಾತ್ಮರಿಂದ ಮರಿಯಮ್ಮನಲ್ಲಿ ಮನುಷ್ಯರಾದರು ಎಂಬ ಸಾಲಿಗೆ ಉಳಿದ ದಿನ ತಲೆಬಾಗುತ್ತೇವೆ. ಕ್ರಿಸ್ಮಸ್ ದಿನ ಮತ್ತು ಮರಿಯಮ್ಮನಿಗೆ ದೇವದೂತನ ಸಂದೇಶ ಬಂದ ಹಬ್ಬದ ದಿನ ಮಾತ್ರ ಎಲ್ಲರೂ ಮೊಣಕಾಲೂರಬೇಕು. ಅಕ್ಕಪಕ್ಕ ನೋಡಿ, ಅರ್ಧ ಜನ ಸುಮ್ನೆ ನಿಂತೇ ಇರುತ್ತಾರೆ. ಹಬ್ಬದ ಅರ್ಥವೆಲ್ಲ ಆ ಒಂದು ಸಾಲಿನಲ್ಲೇ ಇದೆ, ಅದು ತಪ್ಪಿಹೋದರೆ ದೀಪ, ನಕ್ಷತ್ರ ಎಷ್ಟು ಕಟ್ಟಿದರೇನು? ಹಗಲಿನ ಪೂಜೆಯ ಶುಭಸಂದೇಶವನ್ನೂ ಓದಿಕೊಂಡು ಹೋಗಿ, ಯೊವಾನ್ನ 1:1-18. ಅಲ್ಲಿ ಕುರುಬರೂ ಇಲ್ಲ, ಗೋದಲಿಯೂ ಇಲ್ಲ. ದಿವ್ಯವಾಣಿ, ಅಂದರೆ ದೇವಪುತ್ರರು, ಮನುಷ್ಯರಾದರು ಎಂಬುದೇ ಸುದ್ದಿ. ಅಂದು ಹಾಗೆ ಬಂದವರೇ ಇಂದು ಪೂಜೆಯಲ್ಲಿ ಸ್ವೀಕರಿಸುವ ಪರಮಪ್ರಸಾದದಲ್ಲಿ ಬರುತ್ತಾರೆ ಅಂತ ನಂಬುವವರು ನಾವು, ಅಲ್ವಾ? ಗೋದಲಿ ಮುಂದೆ ಫೋಟೋ ತೆಗೆದುಕೊಂಡು ಪ್ರಸಾದಕ್ಕೆ ಮೊದಲೇ ಹೊರಟುಬಿಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಪಾಪನಿವೇದನೆಯನ್ನು ಕ್ರಿಸ್ಮಸ್‌ಗೆ ಸಿದ್ಧರಾಗುವ ಆಗಮನ ಕಾಲದಲ್ಲೇ ಮಾಡಿ ಮುಗಿಸಿ. 24ರ ರಾತ್ರಿ ಪೂಜೆಯ ಗಂಟೆ ಹೊಡೆಯುವಾಗ ಓಡಿಬಂದು ಸಾಲು ನಿಲ್ಲಬೇಡಿ, ಅವಸರದಲ್ಲಿ ಪಶ್ಚಾತ್ತಾಪ ಬರುವುದಿಲ್ಲ.

ಪ್ರಶ್ನೆ: ಡಿಸೆಂಬರ್ 25 ಬೈಬಲಿನಲ್ಲೇ ಇಲ್ಲವಂತೆ?

ಇಲ್ಲ, ಇದೆ ಎಂದು ಧರ್ಮಸಭೆ ಹೇಳಿಯೂ ಇಲ್ಲ. ನಮ್ಮ ವಿಶ್ವಾಸ ತಾರೀಖಿನ ಮೇಲೆ ನಿಂತಿಲ್ಲ.

ಪ್ರಶ್ನೆ: ಒಂದು ಪ್ರಾರ್ಥನೆಯನ್ನು ಹತ್ತು ಜನಕ್ಕೆ ಕಳಿಸಿದರೆ ಕ್ರಿಸ್ಮಸ್ ಒಳಗೆ ಕೋರಿಕೆ ಈಡೇರುತ್ತದಂತೆ. ಕಾಣಿಕೆ ಕೊಟ್ಟರೆ ವಿಶೇಷ ಎಣ್ಣೆಯನ್ನೂ ಮನೆಗೆ ಕಳಿಸುತ್ತಾರಂತೆ, ನಿಜವೇ?

ಆ ಸಂದೇಶ ಮೂಢನಂಬಿಕೆ, ಅಳಿಸಿಹಾಕಿ. ಎಣ್ಣೆ ಮಾರುವವರಿಗಂತೂ ಒಂದು ಪೈಸೆಯನ್ನೂ ಕೊಡಬೇಡಿ. ಪವಿತ್ರಾತ್ಮರ ವರವನ್ನು ಹಣಕ್ಕೆ ಕೇಳಿದ ಸಿಮೋನನನ್ನು ಪೇತ್ರ ಎಷ್ಟು ಕಟುವಾಗಿ ಬೈದರು ಎಂದು ಪ್ರೇಷಿತರ ಕಾರ್ಯಕಲಾಪಗಳ 8ನೇ ಅಧ್ಯಾಯದಲ್ಲೇ ಇದೆ. ದೇವರ ಹೆಸರಿನಲ್ಲಿ ಕಷ್ಟದಲ್ಲಿರುವವರ ಜೇಬಿಗೆ ಕೈಹಾಕುವವರು ಇವರು.

ಪ್ರಶ್ನೆ: ಕ್ರಿಸ್ಮಸ್ ಸೋಮವಾರ ಬಂದರೆ ಭಾನುವಾರ ಸಂಜೆಯ ಒಂದೇ ಪೂಜೆ ಎರಡಕ್ಕೂ ಸಾಕಲ್ವಾ?

ಸಾಲದು. ಭಾನುವಾರಕ್ಕೊಂದು, ಕ್ರಿಸ್ಮಸ್‌ಗೊಂದು, ಎರಡು ಪೂಜೆ.