ಮಂಗಳೂರಿನ ಪೆಟ್ರೋಲಿಗೆ ಕೊಲ್ಲಿಯ ಹಡಗು ಬಾಡಿಗೆ

'ಮಂಗಳೂರಲ್ಲೇ ತೈಲ ಶುದ್ಧೀಕರಣ ಘಟಕವಿದ್ದೂ ಪೆಟ್ರೋಲ್ ನೂರರ ಮೇಲೇಕೆ? ಇನ್ನೆರಡು ಘಟಕ ಕಟ್ಟಿದರೆ ಬೆಲೆ ಇಳಿಯದೇ?' ಎಂದು ಹಾಸನದ ಓದುಗರೊಬ್ಬರು ಬರೆದಿದ್ದಾರೆ.

ಸಂಪಾದಕರ ಉತ್ತರ: ಘಟಕಗಳು ಬೇಕು, ಒಪ್ಪಿದೆ. ಆದರೆ ನಮಗಿರುವ ಕೊರತೆ ಅದಲ್ಲ ಸ್ವಾಮಿ. ದೇಶದ ಶುದ್ಧೀಕರಣ ಸಾಮರ್ಥ್ಯ ವರ್ಷಕ್ಕೆ 25 ಕೋಟಿ ಟನ್ ದಾಟಿದೆ. ಪೆಟ್ರೋಲ್, ಡೀಸೆಲ್ ನಾವು ಬಳಸಿ ಮಿಕ್ಕಿದ್ದು ಹೊರದೇಶಕ್ಕೆ ಹೋಗುತ್ತದೆ. ನಿಮ್ಮ ಪತ್ರದಲ್ಲಿರುವ ಮಂಗಳೂರಿನ ಘಟಕ, ಎಂಆರ್‌ಪಿಎಲ್, ಒಂದರದ್ದೇ 1.5 ಕೋಟಿ ಟನ್. ಅಲ್ಲಿನ ಪೆಟ್ರೋಲ್ ಕೊಳವೆಯಲ್ಲಿ ನಿಮ್ಮ ಹಾಸನವನ್ನು ಹಾದೇ ಬೆಂಗಳೂರಿಗೆ ಬರುತ್ತದೆ.

ಈಗ ಬೆಲೆ ಕಟ್ಟುವ ಬಗೆ ನೋಡಿ. 2006ರಲ್ಲಿ ಬಂದ ಸೂತ್ರದ ಪ್ರಕಾರ ಘಟಕದ ಬಾಗಿಲಿನ ದರದಲ್ಲಿ ಶೇ 80 ಆಮದು ಬೆಲೆ, ಶೇ 20 ರಫ್ತು ಬೆಲೆ. ಆಮದು ಬೆಲೆ ಎಂದರೆ ಕೊಲ್ಲಿಯ ದರ, ಹಡಗು ಬಾಡಿಗೆ, ವಿಮೆ, ಕಸ್ಟಮ್ಸ್ ಸುಂಕ, ಬಂದರು ಖರ್ಚು. ಹಡಗೇ ಬಾರದ ಪೆಟ್ರೋಲಿಗೆ ಹಡಗು ಬಾಡಿಗೆ! ಅದರ ಮೇಲೆ ಕೇಂದ್ರದ ಅಬಕಾರಿ ಸುಂಕ, ಆ ಸುಂಕವನ್ನೂ ಸೇರಿಸಿಕೊಂಡು ರಾಜ್ಯದ ಮಾರಾಟ ತೆರಿಗೆ. 2024ರ ಜೂನ್‌ನಲ್ಲಿ ನಮ್ಮ ಸರ್ಕಾರ ಅದನ್ನು ಶೇ 25.92ರಿಂದ 29.84ಕ್ಕೆ ಏರಿಸಿತು.

ತೆರಿಗೆಯನ್ನು ಎಲ್ಲರೂ ಬೈಯುತ್ತಾರೆ. ಪೈಪೋಟಿ ಇಲ್ಲದ್ದನ್ನು ಯಾರೂ ಕೇಳುವುದಿಲ್ಲ, ನೀವೂ ಕೇಳಲಿಲ್ಲ. ಹತ್ತರಲ್ಲಿ ಸುಮಾರು ಒಂಬತ್ತು ಬಂಕ್‌ಗಳು ಮೂರು ಸರ್ಕಾರಿ ಕಂಪನಿಗಳವು. ಒಂದೇ ಊರಿನ ಮೂರೂ ಬಂಕ್ ಸುತ್ತಿ ಬನ್ನಿ, ವ್ಯತ್ಯಾಸ ಪೈಸೆಗಳಲ್ಲಿರುತ್ತದೆ. ಪೆಟ್ರೋಲ್ ಬೆಲೆ ಸರ್ಕಾರದ ಹಿಡಿತದಿಂದ ಮುಕ್ತವಾದದ್ದು 2010ರಲ್ಲಿ, ದಿನದಿನದ ದರ ಬಂದದ್ದು 2017ರ ಜೂನ್ 16ರಿಂದ. ಆದರೂ 2022ರ ಏಪ್ರಿಲ್‌ನಿಂದ 2024ರ ಮಾರ್ಚ್‌ವರೆಗೆ ಕಂಪನಿಗಳು ದರ ಅಲುಗಿಸಲಿಲ್ಲ. ಕಚ್ಚಾತೈಲ ಬ್ಯಾರೆಲ್‌ಗೆ 120 ಡಾಲರ್ ದಾಟಿದಾಗ ಅವು ನಷ್ಟ ಹೊತ್ತದ್ದು ನಿಜ. ಅದು 75ರ ಆಸುಪಾಸಿಗೆ ಇಳಿದ ಮೇಲೂ ಗ್ರಾಹಕನಿಗೆ ಇಳಿಸಲಿಲ್ಲವಲ್ಲ! 2023–24ರಲ್ಲಿ ಮೂರೂ ಸೇರಿ ಗಳಿಸಿದ ಲಾಭ ಸುಮಾರು 81,000 ಕೋಟಿ ರೂಪಾಯಿ.

ಖಾಸಗಿಯವರು ಕಷ್ಟಕಾಲದಲ್ಲಿ ಬಾಗಿಲು ಹಾಕುತ್ತಾರೆ ಎಂದೂ ಬರೆದಿದ್ದೀರಿ. 2008ರಲ್ಲಿ ರಿಲಯನ್ಸ್ ಬಂಕ್‌ಗಳು ಮುಚ್ಚಿದವು, ಹೌದು. ಸರ್ಕಾರಿ ಕಂಪನಿಗಳು ಖರೀದಿಗಿಂತ ಕಡಿಮೆಗೆ ಮಾರಿದರೆ ಕೇಂದ್ರ ಸರ್ಕಾರ ಬಾಂಡ್ (ಸಾಲಪತ್ರ) ಕೊಟ್ಟು ನಷ್ಟದ ಒಂದು ಪಾಲು ತುಂಬಿಕೊಡುತ್ತಿತ್ತು, ಖಾಸಗಿಯವರಿಗೆ ಚಿಕ್ಕಾಸೂ ಇರಲಿಲ್ಲ. ಯಾರು ತಾನೇ ಉಳಿದಾರು? 2019ರಲ್ಲಿ ನಿಯಮ ಸಡಿಲಿಸಿ, 250 ಕೋಟಿ ರೂಪಾಯಿ ನಿವ್ವಳ ಮೌಲ್ಯವಿದ್ದವರಿಗೂ ಪರವಾನಗಿಗೆ ದಾರಿ ತೆರೆದರು. ಆದರೆ ಡಿಪೊ, ಕೊಳವೆಗಳು ಬಹುಪಾಲು ಹಳಬರ ಕೈಯಲ್ಲೇ ಇವೆ. ಹೊಸಬ ಟ್ಯಾಂಕರ್ ಬಾಡಿಗೆ ತೆತ್ತು ಘಾಟಿ ಹತ್ತಿಸಿ ತಂದರೆ ಕೊಳವೆಯಲ್ಲಿ ಬಂದ ಪೆಟ್ರೋಲಿನ ಎದುರು ಒಂದು ರೂಪಾಯಿ ಇಳಿಸುವುದೂ ಕಷ್ಟ. ಮುಂದಿನ ಪತ್ರದಲ್ಲಿ ಹೊಸ ಘಟಕ ಕೇಳಬೇಡಿ, ಆ ಕೊಳವೆಯಲ್ಲಿ ಎಲ್ಲರಿಗೂ ಒಂದೇ ಬಾಡಿಗೆಗೆ ಜಾಗ ಕೊಡಿ ಎಂದು ಕೇಳಿ.