ಅಪ್ಪ ಅಮ್ಮನಿಗೆ ಕಿವಿ ಕೇಳುತ್ತದೆ, ಮಗುವಿಗೆ ಯಾಕೆ ಕೇಳುವುದಿಲ್ಲ?

ನನ್ನ ಬಳಿ ಸಲಹೆಗೆ ಬಂದವರು ಮದ್ದೂರು ಕಡೆಯ ದಂಪತಿ. ಗುರುತು ಸಿಗದಂತೆ ಹೆಸರು, ವಿವರ ಬದಲಿಸಿದ್ದೇನೆ. ರೇಖಾ ಮದುವೆಯಾಗಿದ್ದು ಸ್ವಂತ ಸೋದರಮಾವನನ್ನು. ಹಾಗಾಗಿ ಎತ್ತಿ ಆಡಿಸಿದ ಅಜ್ಜಿಯೇ ಅವರಿಗೆ ಅತ್ತೆ. ಒಂದೂವರೆ ವರ್ಷದ ಮಗನಿಗೆ ಎರಡೂ ಕಿವಿ ಕೇಳುವುದಿಲ್ಲ ಎಂದು ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಗೊತ್ತಾಗಿತ್ತು. ಅಂದಿನಿಂದ ಅಜ್ಜಿಯದು ಒಂದೇ ಮಾತು: "ಗ್ರಹಣದ ದಿನ ಹೊರಗೆ ಹೋಗಬ್ಯಾಡ ಕಣವ್ವ ಅಂತ ಬಡ್ಕೊಂಡೆ, ಕೇಳಿದ್ಯಾ?"

ರೇಖಾ ಅದನ್ನು ನಂಬಿಬಿಟ್ಟಿದ್ದರು. ನನಗೆ ಜಾಸ್ತಿ ನೋವಾಗಿದ್ದು ಅದೇ. ಗಂಡನ ಪ್ರಶ್ನೆ ಬೇರೆ: "ನಮ್ಮಿಬ್ಬರ ಕಿವಿಯೂ ಚೆನ್ನಾಗಿದೆ. ವಂಶದಲ್ಲಿ ಯಾರಿಗೂ ಇಲ್ಲ. ಇದು ಹೆಂಗೆ ಬಂತು ಮೇಡಂ?"

ಮಗುವಿನ ಜೀನ್ ಪರೀಕ್ಷೆಯ ವರದಿ ಕೈಯಲ್ಲಿತ್ತು. ಜೀನ್ ಅಂದರೆ ಅಪ್ಪ ಅಮ್ಮನಿಂದ ಮಕ್ಕಳಿಗೆ ಬರುವ ಗುಣಗಳ ಸೂಚನೆ. ಸಾಮಾನ್ಯವಾಗಿ ಒಂದೊಂದಕ್ಕೂ ನಮ್ಮಲ್ಲಿ ಎರಡು ಪ್ರತಿ ಇರುತ್ತವೆ. ಜಿಜೆಬಿ2 ಎಂಬ ಜೀನ್‌ನ ಎರಡೂ ಪ್ರತಿಗಳಲ್ಲಿ ಒಂದೇ ದೋಷ. ಹುಟ್ಟುಕಿವುಡಿಗೆ ಇದು ಸಾಮಾನ್ಯ ಕಾರಣಗಳಲ್ಲಿ ಒಂದು. ನಾನು ಮೇಜಿನ ಮೇಲೆ ನಾಲ್ಕು ಚೀಟಿ ಇಟ್ಟೆ. ಅಪ್ಪನ ಕಡೆ ಒಂದು 'ಸರಿ', ಒಂದು 'ದೋಷ'. ಅಮ್ಮನ ಕಡೆಯೂ ಹಾಗೇ. ಒಂದು ಸರಿ ಇದ್ದರೂ ಸಾಕು, ಕಿವಿ ಕೇಳುತ್ತದೆ. ಅದಕ್ಕೇ ಇಬ್ಬರಿಗೂ ಗೊತ್ತಾಗಿರಲಿಲ್ಲ. ಮಗುವಿಗೆ ಒಬ್ಬೊಬ್ಬರಿಂದ ಒಂದೊಂದು ಹೋಗುತ್ತದೆ. ಎರಡೂ ದೋಷದವೇ ಬೀಳುವ ಸಾಧ್ಯತೆ ನಾಲ್ಕರಲ್ಲಿ ಒಂದು. ಬಟಾಣಿ ಗಿಡಗಳಲ್ಲಿ ವಿಜ್ಞಾನಿ ಮೆಂಡೆಲ್ ಕಂಡು 1866ರಲ್ಲಿ ಪ್ರಕಟಿಸಿದ್ದೂ ಇದೇ ಲೆಕ್ಕ.

"ಹಾಗಾದ್ರೆ ಒಂದು ಆಗಿಹೋಯ್ತು, ಇನ್ನು ಮೂರು ಮಕ್ಕಳಿಗೆ ಭಯ ಇಲ್ಲ, ಅಲ್ವಾ?" ಎಂದರು ಗಂಡ. ತುಂಬಾ ಜನ ಇಲ್ಲೇ ಎಡವುತ್ತಾರೆ. ಚೀಟಿಗಳನ್ನು ವಾಪಸ್ ಮಡಚಿಟ್ಟು ಮತ್ತೆ ಎತ್ತಿಸಿದೆ. ಪ್ರತಿ ಬಸಿರಿಗೂ ಲೆಕ್ಕ ಹೊಸದಾಗಿಯೇ ಶುರು.

ಸೋದರಮಾವ ಮತ್ತು ಅಕ್ಕನ ಮಗಳ ಜೀನ್‌ಗಳಲ್ಲಿ ಸುಮಾರು ಕಾಲು ಭಾಗ ಒಂದೇ ಮೂಲದವು. ತಾತನದೋ ಅಜ್ಜಿಯದೋ ಒಂದು ದೋಷ ಎರಡು ದಾರಿಯಲ್ಲಿ ಇಳಿದು ಒಂದೇ ಮಗುವನ್ನು ಸೇರಬಹುದು. ಸಂಬಂಧದಲ್ಲಿ ಆದ ಮದುವೆಯ ಮಕ್ಕಳಲ್ಲಿ ಹೆಚ್ಚಿನವರು ಚೆನ್ನಾಗಿಯೇ ಇರುತ್ತಾರೆ, ಅದನ್ನೂ ಹೇಳಿದೆ. ಆದರೆ ಅಪಾಯ ಹೊರಗಿನ ಮದುವೆಗಿಂತ ಜಾಸ್ತಿ.

ಮುಂದಿನ ಸಲ ಅಜ್ಜಿಯನ್ನೂ ಕರೆಸಿದೆ. ಬಸಿರು ನಿಂತ ಗಳಿಗೆಯಲ್ಲೇ ಇದು ತೀರ್ಮಾನವಾಗಿತ್ತು, ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಹಂಗಾರೆ ನಮ್ಮಿಂದ್ಲೇ ಬಂತಾ?" ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಬಂದಿರಬಹುದು ಅವ್ವ. ನಿಮಗೂ ಯಾರೋ ಹಿರಿಯರಿಂದ ಬಂದಿದ್ದು. ಯಾರೂ ಬೇಕು ಅಂತ ಕೊಟ್ಟಿದ್ದಲ್ಲ," ಎಂದೆ. ರೇಖಾ ಅಜ್ಜಿಯ ಕೈ ಹಿಡಿದುಕೊಂಡರು.

ಸಲಹೆ ಇಷ್ಟು. ಮಗುವಿಗೆ ತಡಮಾಡದೆ ಶ್ರವಣ ಸಾಧನ ಹಾಕಿಸಿ, ಕಾಕ್ಲಿಯರ್ ಇಂಪ್ಲಾಂಟ್ (ಆಪರೇಷನ್ ಮಾಡಿ ಒಳಕಿವಿಗೆ ಕೂರಿಸುವ ಸಾಧನ) ಆಗುತ್ತದೆಯೇ ಎಂದು ತೋರಿಸಿ. ಮಾತು ಕಲಿಯುವುದಕ್ಕೆ ಮೊದಲ ಕೆಲವು ವರ್ಷಗಳೇ ಮುಖ್ಯ, ಈಗ ಒಂದೊಂದು ತಿಂಗಳೂ ಬೆಲೆಯುಳ್ಳದ್ದು. ಮುಂದಿನ ಬಸಿರಿಗೆ ಮುಂಚೆ ಇಬ್ಬರೂ ರಕ್ತ ಪರೀಕ್ಷೆ ಮಾಡಿಸಿ, ವೈದ್ಯರ ಜೊತೆ ಕೂತು ಮಾತಾಡಿ. ತೀರ್ಮಾನ ನಿಮ್ಮದೇ. ಮೈದುನನಿಗೂ ಇನ್ನೊಬ್ಬ ಅಕ್ಕನ ಮಗಳನ್ನೇ ತರುವ ಮಾತು ನಡೆದಿದೆ ಎಂದರು. ನಿಶ್ಚಯಕ್ಕೆ ಮೊದಲು ಅವರಿಬ್ಬರ ಪರೀಕ್ಷೆಯೂ ಆಗಲಿ ಎಂದೆ. ಅದರಲ್ಲಿ ಏನೂ ಕಾಣದಿದ್ದರೆ ಈ ಒಂದು ದೋಷದ ಚಿಂತೆ ಹೋಗುತ್ತದೆ. ಬೇರೆ ಜೀನ್‌ಗಳ ಅಪಾಯ ಮಾತ್ರ ಹಾಗೇ ಇರುತ್ತದೆ.